ಬೇರೆ ತಟ್ಟೆ

ಯಾರೂ ಹೇಳದೆಯೇ ಮುನಿವೆಂಕಟಮ್ಮ ಅಟ್ಟದಿಂದ ತನ್ನ ಹಳೆಯ ಅಲ್ಯುಮಿನಿಯಂ ತಟ್ಟೆಯನ್ನು ಇಳಿಸಿಕೊಂಡಳು. ಒಲೆಯ ಮುಂದಿದ್ದ ಸೊಸೆ ಲಕ್ಷ್ಮಿದೇವಮ್ಮ ನೋಡಿದಳು. ನಾಲ್ಕು ವರ್ಷದ ಹಿಂದೆ ಕ್ಷಯ ತಗುಲಿದ್ದಾಗ ಮುದುಕಿ ಹಿತ್ತಲಲ್ಲಿ ಕೂತು ಉಣ್ಣುತ್ತಿದ್ದುದು ಆ ತಟ್ಟೆಯಲ್ಲೇ.

ಹುಣಸಮಾರನಹಳ್ಳಿಯ ಕಣದಲ್ಲಿ ರಾಗಿ ತೂರಲು ಶುರುವಾದಂದಿನಿಂದ ಅವಳಿಗೆ ಸೀನು, ಕೆಮ್ಮು, ಎದೆಯಲ್ಲಿ ಬಿಗಿತ. ಹಳೆಯದೇ ಮರಳಿತೆಂದು ತಾನೇ ತೀರ್ಮಾನಿಸಿ, ಮತ್ತೆ ಹಿತ್ತಲಲ್ಲೇ ಉಣ್ಣತೊಡಗಿ, ಐದು ತಿಂಗಳ ಮೊಮ್ಮಗಳನ್ನು ಮುಟ್ಟುವುದನ್ನೂ ಬಿಟ್ಟಳು. ಮಗು ಅತ್ತರೆ ಬಾಗಿಲಾಚೆ ನಿಂತೇ ಜೋಗುಳ, ಅದೂ ಕೆಮ್ಮಿನ ನಡುನಡುವೆ. ಕಫ ಪರೀಕ್ಷೆ, ಎಕ್ಸ್‌ರೇ ಎಲ್ಲ ಮುಗಿಯುವಷ್ಟರಲ್ಲಿ ಹದಿನೈದು ದಿನ ಹೀಗೇ ಕಳೆಯಿತು.

ಫಲಿತಾಂಶದ ದಿನ ಸೊಸೆ ಮಗುವನ್ನೂ ಎತ್ತಿಕೊಂಡು ಅತ್ತೆಯ ಜೊತೆ ಯಲಹಂಕದ ಆಸ್ಪತ್ರೆಗೆ ಬಂದಳು.

"ಕಫದಲ್ಲಿ ಏನೂ ಇಲ್ಲ," ಎಂದರು ಡಾಕ್ಟರ್ ವೆಂಕಟರಾಮಯ್ಯ. "ಎಕ್ಸ್‌ರೇಲೂ ಹಳೇ ಗಾಯ ಆರಿದ ಕಲೆ ಅಷ್ಟೇ. ಕಣದ ಧೂಳು ನಿಮ್ಮೆದೆಗೆ ಒಗ್ತಿಲ್ಲ ಕಣಮ್ಮ. ಆ ಕಡೆ ಹೋಗ್ಬೇಡಿ, ಮಾತ್ರೆ ತಗೊಳಿ."

"ಸಮಾಧಾನಕ್ಕೆ ಇಂಗೆ ಏಳ್ತೀರ ಸ್ವಾಮಿ."

ಡಾಕ್ಟರು ಸ್ಟೆತಾಸ್ಕೋಪನ್ನು ಅವಳ ಕಿವಿಗೇ ಸಿಕ್ಕಿಸಿ, ಬಿಲ್ಲೆಯನ್ನು ಅವಳ ಎದೆಗಿಟ್ಟರು. ಮುನಿವೆಂಕಟಮ್ಮ ಉಸಿರು ಬಿಗಿಹಿಡಿದಳು, ಬಿಟ್ಟಳು. ಒಳಗೆ ಗಾಳಿ ಹೋಗುತ್ತಿತ್ತು, ಬರುತ್ತಿತ್ತು. ಸಣ್ಣಗೆ ಶಿಳ್ಳೆ. ಅದರಡಿಯಲ್ಲಿ ಲಬ್ ಡಬ್ ಎಂದು ಬಿಡದೆ ದುಡಿಯುತ್ತಿದ್ದ ಇನ್ನೊಂದು ಸದ್ದು.

"ಇದು ನಂದಾ?"

"ಅರವತ್ತು ವರ್ಷದಿಂದ ನಿಮ್ದೇ. ಆ ಶಿಳ್ಳೆ ಧೂಳಿಂದು, ಹೋಗುತ್ತೆ."

"ನಾನ್ ಮನಗಿದ್ರೂ ನಡೀತಾನೇ ಇರ್ತದಾ?"

"ಕ್ಷಯ ಬಂದಾಗ್ಲೂ ನಿಂತಿಲ್ವಲ್ಲಮ್ಮ."

ಅವಳ ಕಣ್ಣು ತುಂಬಿತು. ಕೈಮುಗಿದಳು. ಅದು ಡಾಕ್ಟರಿಗೋ, ತನ್ನ ಎದೆಗೋ ಹೇಳುವುದು ಕಷ್ಟ. ಆಮೇಲೆ ಸೊಸೆಯ ಕಡೆ ತೋಳು ಚಾಚಿದಳು. ಬಸ್ಸಿನಲ್ಲಿ ಊರು ಸೇರುವವರೆಗೂ ಮಗು ಅವಳ ಮಡಿಲಲ್ಲೇ ಇತ್ತು.

ಮನೆಗೆ ಬಂದವಳೇ, ಆ ತಟ್ಟೆಯಲ್ಲಿ ಇನ್ನು ಕೋಳಿಗೆ ನೀರಿಡೋಣವೆಂದು ಹಿತ್ತಲಿಗೆ ಹೋದಳು. ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಎಲ್ಲರ ತಟ್ಟೆಗಳ ಜೊತೆ ತೊಳೆದು ಜೋಡಿಸಿತ್ತು.

"ಇದನ್ಯಾರೇ ಇಲ್ಲಿಟ್ಟೋರು?"

"ನಾನೇ. ಒತ್ತಾರೆ ಅದ್ರಾಗೇ ಉಂಡು ತೊಳ್ದಿಟ್ಟೆ."

"ಒತ್ತಾರೇನಾ? ಆಗಿನ್ನೂ ಡಾಕ್ಟ್ರು ಏನೂ ಏಳಿರ್ಲಿಲ್ವಲ್ಲೆ."

ಮುದುಕಿ ಆ ದಿನ ಎರಡನೆಯ ಸಲ ಬೆರಗಾಗಿ ನಿಂತಳು. ಲಕ್ಷ್ಮಿದೇವಮ್ಮ ಒಲೆಗೆ ಸೌದೆ ತುರುಕುತ್ತ, ತಿರುಗಿಯೂ ನೋಡದೆ ಅಂದಳು:

"ಅಸಿವಾಗಿತ್ತು ಅತ್ತೆ."