ಒಂದೇ ಒಲೆ

"ನಿಮ್ಮನೆ ಅಡುಗೇನ ದಿನಾ ಊಟ ಮಾಡೋರು ಎಷ್ಟು ಜನ, ತಾತ?" ಎಂದು ಅಫ್ರೀನ್ ಕೇಳಿದಳು. ಜಗಲಿಯ ಮೇಲೆ ಕೂತಿದ್ದ ಚಿಕ್ಕಬೈರಪ್ಪ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸದೆಯೇ, "ಇಬ್ರೇ ಕಣಮ್ಮ. ನಾನು, ನನ್ನ ಎಂಡ್ರು" ಎಂದ. ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ಮರಿಯಮ್ಮ ಏನೋ ಹೇಳಹೊರಟವಳು, ಗಂಡನ ಬೆನ್ನು ನೋಡಿ ಸುಮ್ಮನಾದಳು.

ಮಲೇರಿಯಾ ಕುರಿತ ಸಂಶೋಧನೆಯೊಂದಕ್ಕಾಗಿ ಅಫ್ರೀನ್ ರಾಜಾನುಕುಂಟೆಯಿಂದಾಚೆಗಿನ ಆ ಹಳ್ಳಿಯಲ್ಲಿ ಮನೆ ಮನೆ ಸುತ್ತುತ್ತಿದ್ದಳು. ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರು ಹೊರಗಡೆ ಹೋಗಿ ಬಂದರು, ಯಾರಿಗೆ ಜ್ವರ ಎಂದು ಕೇಳಿ ಟ್ಯಾಬ್‌ನಲ್ಲಿ ತುಂಬಬೇಕು. ಸಂಶೋಧನೆಯ ಲೆಕ್ಕದಲ್ಲಿ, ಅಡುಗೆ ಬೇರೆಯಾದರೆ ಒಂದೇ ಸೂರಿನಡಿ ಇದ್ದರೂ ಅದು ಬೇರೆ ಮನೆ. ಅಡುಗೆ ಒಂದೇ ಆದರೆ ಒಂದೇ ಮನೆ. ಚಿಕ್ಕಬೈರಪ್ಪನ ಮನೆಯ ಮಧ್ಯದಲ್ಲೊಂದು ಗೋಡೆಯಿತ್ತು. ಜಮೀನನ್ನು ಲೇಔಟಿಗೆ ಕೊಟ್ಟ ವರ್ಷ ಪಾಲಿನ ಜಗಳವಾಗಿ ಕಟ್ಟಿದ್ದು. ಗೋಡೆಯ ಆಚೆಗೆ ತಮ್ಮ ಆನಂದಪ್ಪ. ಅಣ್ಣ ತಮ್ಮ ಇಬ್ಬರಿಗೂ ಅಂದಿನಿಂದ ಮಾತಿಲ್ಲ.

ಅಫ್ರೀನ್ ಆಚೆ ಬಾಗಿಲಿಗೆ ಹೋದಾಗ ಆನಂದಪ್ಪ ಅಂಥ ಬಿಸಿಲಲ್ಲೂ ಕಂಬಳಿ ಹೊದ್ದು ಗೋಡೆಗೊರಗಿದ್ದ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇರುವವನು. ಬೋರ್‌ವೆಲ್ ಲಾರಿ ಓಡಿಸಿಕೊಂಡು ಒಡಿಶಾ ಕಡೆ ಹೋಗಿ ಬಂದಾಗಿನಿಂದ ಜ್ವರ ಬಿಟ್ಟು ಬಿಟ್ಟು ಬರುತ್ತಿದೆಯೆಂದ. ಅವಳು ಅವನ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪರೀಕ್ಷೆಯ ಕಿಟ್‌ಗೆ ಬಿಟ್ಟಳು. ಫಲಿತಾಂಶಕ್ಕೆ ಕಾಯುತ್ತಾ ಕೂತಾಗ ಅಡುಗೆಮನೆ ಕಣ್ಣಿಗೆ ಬಿತ್ತು. ಗ್ಯಾಸ್ ಒಲೆಗೆ ಜೇಡ ಬಲೆ ಕಟ್ಟಿತ್ತು.

"ಊಟಕ್ಕೆ ಏನ್ ಮಾಡ್ತೀರಾ ಅಂಕಲ್?"

ಆನಂದಪ್ಪ ದನಿ ತಗ್ಗಿಸಿದ. "ಅತ್ಗೆ ಇತ್ಲು ಗೋಡೆ ಮ್ಯಾಲಿಂದ ಡಬ್ಬಿ ಕೊಡ್ತಾರೆ. ನಮ್ಮಣ್ಣಂಗೆ ಗೊತ್ತಿಲ್ಲ. ಬರ್ಕೋಬ್ಯಾಡ ಕಣಮ್ಮ. ಗೊತ್ತಾದ್ರೆ ಪಾಪ ಆ ಯಮ್ಮಂಗೆ ಬೈಗುಳ."

ಕಿಟ್ ಮಲೇರಿಯಾ ಎಂದು ತೋರಿಸಿತು. ಅಫ್ರೀನ್ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದಳು. ಆಶಾ ಕಾರ್ಯಕರ್ತೆಯ ಕೈಲಿ ಸಂಜೆಯೊಳಗೆ ಮಾತ್ರೆ ಕಳಿಸುತ್ತೇನೆಂದರು ಡಾಕ್ಟರು. ಆದರೆ ಎರಡು ವಾರ ಒಂದು ದಿನವೂ ತಪ್ಪಿಸುವಂತಿಲ್ಲ, ಖಾಲಿ ಹೊಟ್ಟೆಯಲ್ಲಂತೂ ಕೊಡಲೇಬಾರದು; ನಡುವೆ ಬಿಟ್ಟರೆ ಜ್ವರ ಮತ್ತೆ ಮರುಕಳಿಸುತ್ತದೆ. ಮನೆಯಲ್ಲಿ ಯಾರಾದರೂ ನಿಂತು ನುಂಗಿಸಬೇಕು, ಇಲ್ಲವಾದರೆ ಆಸ್ಪತ್ರೆಗೆ ಸೇರಿಸಿ ಎಂದರು.

"ಆಸ್ಪತ್ರೆಗೆ ನಾನ್ ಓಗಲ್ಲ" ಎಂದ ಆನಂದಪ್ಪ.

"ಹಾಗಾದ್ರೆ ನಿಮ್ಮಣ್ಣಂಗೆ ಹೇಳ್ಲಾ?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಆಮೇಲೆ, "ಜ್ವರದ್ ವಿಷ್ಯ ಏಳು. ಡಬ್ಬಿದು ಬ್ಯಾಡ" ಎಂದ.

ಅಫ್ರೀನ್ ಹಾಗೆಯೇ ಮಾಡಿದಳು. ಚಿಕ್ಕಬೈರಪ್ಪನ ಮುಂದೆ ನಿಂತು, ತಮ್ಮನಿಗೆ ಮಲೇರಿಯಾ ಇರುವುದನ್ನೂ ಡಾಕ್ಟರ್ ಹೇಳಿದ್ದನ್ನೂ ತಿಳಿಸಿದಳು. "ಯಾರಾದ್ರೂ ದಿನಾ ಊಟ ಕೊಟ್ಟು ಮಾತ್ರೆ ನುಂಗಿಸ್ಬೇಕು ತಾತ." ಚಿಕ್ಕಬೈರಪ್ಪ ಎಲೆ ಅಗಿಯುತ್ತಲೇ ರಸ್ತೆ ನೋಡುತ್ತಿದ್ದ. ಉತ್ತರ ಬಂದದ್ದು ಹೊಸ್ತಿಲಿಂದ.

"ನಾನ್ ಕೊಡ್ತೀನಿ" ಎಂದಳು ಮರಿಯಮ್ಮ. "ಇಷ್ಟ್ ದಿನಾನೂ ನಾನೇ ಕೊಟ್ಟಿರೋದು. ಆ ಮನ್ಸಂಗೆ ಎದ್ ನಿಲ್ಲಕ್ಕೂ ಆಗ್ತಿರ್ಲಿಲ್ಲ. ಬೈಯೋದಾದ್ರೆ ಈಗ್ಲೇ ಬೈದ್ಬಿಡಿ, ಈ ಮಗು ಮುಂದೇನೇ."

ಚಿಕ್ಕಬೈರಪ್ಪ ಎದ್ದು ಚರಂಡಿಗೆ ಉಗಿದು ಬಂದ. "ಸಾರಿಗೆ ಖಾರ ಯಾರಿಗೋಸ್ಕರ ಕಮ್ಮಿ ಆಯ್ತು ಅಂತ ನಂಗ್ ಗೊತ್ತಾಗಲ್ವೇನೇ?" ಎಂದ. ಹೆಗಲ ಟವಲ್ಲಿನಿಂದ ಬಾಯಿ ಒರೆಸಿಕೊಂಡು ಸೇರಿಸಿದ, "ಅನ್ನ ಇನ್ನೊಸಿ ಮೆತ್ತಗ್ ಮಾಡು. ಜ್ವರದ ಬಾಯಿಗೆ ಇಳಿಯಲ್ಲ."

ಅಫ್ರೀನ್ ಮೆಲ್ಲಗೆ ಕೇಳಿದಳು. "ಹಾಗಾದ್ರೆ ಒಂದೇ ಮನೆ, ಮೂರು ಜನ ಅಂತ ಹಾಕ್ಲಾ ತಾತ?"

"ನಿಂಗ್ ಎಂಗ್ ಕಾಣುತ್ತೋ ಅಂಗ್ ಆಕ್ಕೋ" ಎಂದು ಅವನು ಒಳಗೆ ಹೋದ.

ಸಂಜೆ ಮಾತ್ರೆ ಬಂತು. ಮರಿಯಮ್ಮ ಡಬ್ಬಿಯನ್ನು ಹಿತ್ತಲಿಗೆ ಒಯ್ಯಲಿಲ್ಲ. ಬೀದಿಯಲ್ಲೇ ನಡೆದುಹೋಗಿ ಮೈದುನನ ಮುಂಬಾಗಿಲಿಂದ ಒಳಗೆ ಕಾಲಿಟ್ಟಳು. ಎದುರು ಮನೆಯವರು ನೋಡಿದರೆ ನೋಡಲಿ ಎಂಬಂತಿತ್ತು ಅವಳ ನಡಿಗೆ. ಹಿಂದೆಯೇ ಅಫ್ರೀನ್ ಹೋದಳು. ಆನಂದಪ್ಪ ನಾಲ್ಕು ತುತ್ತು ಉಂಡ. ಮಾತ್ರೆ ಬಾಯಿಗೆ ಹಾಕಿಕೊಂಡು, ಗಟಗಟನೆ ನೀರು ಕುಡಿದು, ಆಯಿತೆಂದು ತಲೆಯಾಡಿಸಿದ. ಅಫ್ರೀನ್ ಸಮಾಧಾನದಿಂದ ಚೀಲ ಹೆಗಲಿಗೇರಿಸಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಬೆಳಕು ಮರೆಯಾಯಿತು. ಹೆಗಲ ಮೇಲಿನ ಟವಲ್ಲು ಕೈಗೆ ತೆಗೆದುಕೊಂಡು ಚಿಕ್ಕಬೈರಪ್ಪ ನಿಂತಿದ್ದ. ತಮ್ಮ ಗಡಬಡಿಸಿ ಏಳಹೋದ. ಅಣ್ಣ ಅವನತ್ತ ನೋಡದೆ ಅಫ್ರೀನಳಿಗೆ ಹೇಳಿದ, "ಇವ್ನು ನುಂಗಿಲ್ಲ ಕಣಮ್ಮ. ಚಿಕ್ಕೋನಾಗಿದ್ದಾಗಿಂದ್ಲೂ ಇಂಗೇ. ಕೆನ್ನೆ ಸಂದೀಲಿ ಇಟ್ಕೊಂಡಿದ್ದು, ಎಲ್ರೂ ಓದ್ ಮ್ಯಾಲೆ ಉಗೀತಾನೆ."

ಆನಂದಪ್ಪ ತುಟಿ ಬಿಗಿಹಿಡಿದು ಕೂತಿದ್ದ. ಚಿಕ್ಕಬೈರಪ್ಪ ಬಂದು ಅವನೆದುರು ಕುಕ್ಕರಗಾಲಲ್ಲಿ ಕೂತು, ನರೆತ ಗಡ್ಡದ ಆ ಮುಖವನ್ನು ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದ.

"ಬಾಯ್ ತೆಗಿಯೋ, ನೋಡಾನ" ಎಂದ.