ಬೀರು ಬೆಟ್ಟ ಹತ್ತಿದ ದಿನ

ಮಂಜಿನೊಳಗಿಂದ ಮೊದಲು ಹೊರಬಂದ ನಾಲ್ಕೈದು ಸೈಕಲ್ಲುಗಳ ನಡುವೆ ತನ್ನ ಭಾಮೈದನನ್ನು ಕಂಡು ಭಾವನಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಭಾವ ಭಾಮೈದನ ಸೈಕಲ್ ತಂಡದಲ್ಲೇ ಸವಾರರ ಕಾಲಿಗೆ ಮಾಲೀಸು ಮಾಡುವವನು. ಓಟದ ಹೊತ್ತಿನಲ್ಲಿ ಬೆಟ್ಟದ ನೆತ್ತಿಯ ಮೇಲೆ ಹಳೇ ಪೇಪರಿನ ಕಟ್ಟು ಹಿಡಿದು ನಿಲ್ಲುವುದೂ ಅವನ ಕೆಲಸವೇ. ಬೆವರಿಳಿಸುತ್ತ ಹತ್ತಿ ಬಂದವರು ಕೈಚಾಚಿ ಒಂದು ಪೇಪರು ಕಸಿದುಕೊಂಡು ಅಂಗಿಯೊಳಗೆ ಎದೆಗೆ ತುರುಕಿಕೊಳ್ಳುತ್ತಾರೆ. ಇಲ್ಲವಾದರೆ ಇಳಿಜಾರಿನ ಚಳಿಗಾಳಿ ಒದ್ದೆ ಮೈಯನ್ನು ಕೊರೆದು ಹಾಕಿಬಿಡುತ್ತದೆ.

ಭಾಮೈದನಿಗೆ ತಂಡದವರು ಇಟ್ಟ ಹೆಸರು ಬೀರು. ಹೌದು, ಬಟ್ಟೆ ಇಡುವ ಬೀರುವೇ. ಅಷ್ಟೆತ್ತರ, ಅಷ್ಟಗಲ. ಬಯಲಿನಲ್ಲಿ ಎದುರುಗಾಳಿ ಬೀಸಿದರೆ ಸಣಕಲು ಸವಾರರೆಲ್ಲ ಅವನ ಬೆನ್ನಿನ ಮರೆಗೆ ಸೇರಿಕೊಂಡು ಹಾಯಾಗಿ ಬರುತ್ತಿದ್ದರು. ಏರು ಶುರುವಾಗುತ್ತಲೇ ಅವನನ್ನು ಹಿಂದೆ ಬಿಟ್ಟು ಹೋಗುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ದಿನಗಟ್ಟಲೆ ನಡೆಯುವ ಓಟವನ್ನು ಗೆಲ್ಲುವವರು ಬೆಟ್ಟದ ಮೇಲೇ ಗೆಲ್ಲುವುದು. ಬಯಲಿನಲ್ಲಿ ಮೈ ಹಿಂಡಿಕೊಂಡವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಈ ವರ್ಷ ಅವನು ಮ್ಯಾನೇಜರನ ಮುಂದೆ ಹೋಗಿ ನಿಂತು, ಒಂದೇ ಒಂದು ಸಲ ನನಗೋಸ್ಕರ ಓಡಿಸ್ತೀನಿ ಅಂದಿದ್ದ. ಮ್ಯಾನೇಜರ್ ಮೊದಲು ನಕ್ಕ. ಆಮೇಲೆ, ದೊಡ್ಡ ಬೆಟ್ಟದ ದಿನ ಮುಂದಿನವರ ಜೊತೆ ಕೊನೆ ಮುಟ್ಟು, ಅಲ್ಲಿಂದ ಮುಂದೆ ಉಳಿದವರು ನಿನಗಾಗಿ ಬೆವರು ಸುರಿಸಲಿ, ಆಗಲಿಲ್ಲವೋ, ಬರುವ ವರ್ಷಕ್ಕೆ ಬೇರೆ ತಂಡ ನೋಡಿಕೋ ಅಂದ. ಅವತ್ತಿನಿಂದ ಬೀರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡ. ಅಕ್ಕ ಬಡಿಸಿದ್ದರಲ್ಲಿ ಅರ್ಧ ಮತ್ತೆ ಪಾತ್ರೆಗೇ ಹೋಗುತ್ತಿತ್ತು. ನಮ್ಮಪ್ಪ ಮೂಟೆ ಹೊತ್ತು ಕಟ್ಟಿದ ಮೈ ಕಣೋ ಇದು, ಹೀಗೆ ಸವೆಸಬೇಡ್ವೋ ಅಂತ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಂಡದವರಿಗೆ ಅದೂ ತಮಾಷೆ, ಬೀರುವಿಗೆ ಗೆದ್ದಲು ಹಿಡಿದಿದೆ ಅಂದರು.

ಈಗ ನೋಡಿದರೆ ಆ ಬೀರು ಮುಂದಿನವರ ಗುಂಪಿನಲ್ಲೇ ಇದ್ದಾನೆ. ಕೆನ್ನೆ ಒಳಗೆ ಹೋಗಿದೆ, ಬಾಯಿ ತೆರೆದುಕೊಂಡಿದೆ, ಆದರೂ ಇದ್ದಾನೆ. ಅವನ ಮುಂದೆಯೇ ಅವರದೇ ತಂಡದ ಚೋಟು, ಬೆಟ್ಟ ಹತ್ತುವುದಕ್ಕೆಂದೇ ಹುಟ್ಟಿದಂಥ ಪುಟ್ಟ ಆಳು. ಭಾವ ಚೋಟುವಿಗೆ ಪೇಪರು ಚಾಚಿದ. ಅವನು ಕಸಿದುಕೊಂಡ. ಹಿಂದೆಯೇ ಬಂದ ಬೀರು ಭಾವನ ಕಡೆ ನೋಡಿ ನಕ್ಕ, ಹಾಗೇ ಮುಂದೆ ಹೋದ. ಇಷ್ಟು ವರ್ಷದಲ್ಲಿ ಅವನು ಒಂದು ದಿನವೂ ಪೇಪರು ತೆಗೆದುಕೊಂಡವನಲ್ಲ, ನನ್ನ ಕೊಬ್ಬೇ ನನಗೆ ಕಂಬಳಿ ಅನ್ನುತ್ತಿದ್ದ. ಹಾಗಾಗಿ ಇವತ್ತೂ ಅವನು ಕೈ ಚಾಚಲಿಲ್ಲ, ಭಾವನೂ ಚಾಚಲಿಲ್ಲ.

ಇನ್ನು ಉಳಿದದ್ದು ಇಳಿಯುವುದು ಮಾತ್ರ, ಅವತ್ತಿನ ಓಟದ ಕೊನೆ ಬೆಟ್ಟದ ಬುಡದಲ್ಲಿ. ಇಳಿಜಾರಿನಲ್ಲಂತೂ ಬೀರುವನ್ನು ಹಿಡಿಯುವವನು ಇನ್ನೂ ಹುಟ್ಟಿರಲಿಲ್ಲ. ಭಾವ ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದ. "ನಿನ್ನ ತಮ್ಮ ಹತ್ತಿಬಿಟ್ಟ ಕಣೇ. ಗೆದ್ದ ಅಂತಲೇ ತಿಳ್ಕೋ." ಆ ಕಡೆಯಿಂದ ಅಳು ಕೇಳಿಸಿತು. ಇವನೂ ಅತ್ತ, ನಾಚಿಕೆಯೇನೂ ಪಡಲಿಲ್ಲ.

ವ್ಯಾನು ಹತ್ತಿ ಕೆಳಗೆ ಹೊರಟವನಿಗೆ ಮೂರನೇ ತಿರುವಿನಲ್ಲೇ ಮೋಟುಗೋಡೆಗೆ ಒರಗಿಸಿದ ಸೈಕಲ್ಲು ಕಂಡಿತು. ವ್ಯಾನಿನಿಂದ ಹಾರಿ ಇಳಿದ. ಸೈಕಲ್ಲಿಗೆ ಏನೂ ಆಗಿರಲಿಲ್ಲ. ಪಕ್ಕದಲ್ಲಿ ಬೀರು ಮಂಡಿಗೆ ಗದ್ದ ಊರಿ ಕುಕ್ಕರಗಾಲಲ್ಲಿ ಕೂತು ಗಡಗಡ ನಡುಗುತ್ತಿದ್ದ. ತುಟಿ ನೀಲಿಗಟ್ಟಿತ್ತು. ಹಿಂದೆ ಉಳಿದಿದ್ದವರು ಒಬ್ಬೊಬ್ಬರಾಗಿ ಅವನನ್ನು ದಾಟಿಕೊಂಡು ಹೋಗುತ್ತಿದ್ದರು.

"ಬ್ರೇಕು ಹಿಡಿದಿದೀನೋ ಬಿಟ್ಟಿದೀನೋ ಗೊತ್ತಾಗ್ತಿಲ್ಲ ಭಾವ," ಅಂದ, ಹಲ್ಲು ಕಟಕಟಿಸುತ್ತ. "ಬೆರಳೇ ಇಲ್ಲ ಅನ್ನಿಸ್ತು. ನನಗೆ ಯಾವತ್ತೂ ಚಳಿ ಆಗಿದ್ದಿಲ್ಲವಲ್ಲ."

ಭಾವನಿಗೆ ಆಗ ಹೊಳೆಯಿತು. ಕಂಬಳಿಯಾಗಿದ್ದ ಕೊಬ್ಬೇ ಕರಗಿ ಹೋಗಿತ್ತು. ದಿನಾ ಸಂಜೆ ಆ ತೊಡೆಗಳನ್ನು ತಿಕ್ಕಿದ್ದು ಇದೇ ಕೈ, ಅವು ಕರಗುತ್ತಿದ್ದದ್ದು ಇದೇ ಕೈಗೆ ತಿಳಿದಿತ್ತು. ಹಾಳಾದ ಕೈ, ಬೇಕಾದ ಹೊತ್ತಿಗೆ ಎಲ್ಲಾ ಮರೆತು ಕೂತಿತ್ತು. ಅವನು ಭಾಮೈದನ ಅಂಗೈ ಉಜ್ಜತೊಡಗಿದ. ಅಷ್ಟರಲ್ಲಿ ಮ್ಯಾನೇಜರನ ಕಾರು ಬಂದು ನಿಂತು ಗಾಜು ಇಳಿಯಿತು.

"ತಪ್ಪು ನನ್ನದು ಸಾರ್," ಅಂದ ಭಾವ. "ಇವನಿಗೆ ಪೇಪರು ಕೊಡಲಿಲ್ಲ ನಾನು."

"ಇವನು ಕೇಳಿದ್ನಾ?"

"ಇಲ್ಲ," ಅಂದ ಭಾವ, ಬೀರುವಿನ ಅಂಗೈ ಉಜ್ಜುತ್ತಲೇ.

"ಮತ್ತೆ? ಇಷ್ಟು ದೊಡ್ಡ ಆಳಿಗೆ ಪೇಪರು ಬೇರೆ ಕೇಡು," ಅಂದ ಮ್ಯಾನೇಜರ್. "ದಪ್ಪಗಿರೋರಿಗೆ ಬೆಟ್ಟ ಒಗ್ಗಲ್ಲ ಅಂತ ಮೊದಲೇ ಬಡ್ಕೊಂಡೆ." ಗಾಜು ಮೇಲೇರಿತು. ಕಾರು ಚೋಟುವಿನ ಹಿಂದೆ ಹೋಯಿತು.

ಭಾವನದು ಕಡ್ಡಿಯಂಥ ಮೈ. ಬೇರೇನೂ ತೋಚದೆ ಅವನು ತನ್ನ ಮೈಮೇಲಿನ ಜಾಕೆಟ್ಟನ್ನೇ ಬಿಚ್ಚಿ ಭಾಮೈದನಿಗೆ ತೊಡಿಸಿದ. ತೋಳು ಮೊಣಕೈಗಿಂತ ಸ್ವಲ್ಪ ಕೆಳಕ್ಕೆ ಬಂದು ನಿಂತಿತು. ಜಿಪ್ಪು ಮಾತ್ರ ಎಲ್ಲೂ ತಡೆಯದೆ ಕುತ್ತಿಗೆಯವರೆಗೂ ಬಂತು. ಎದೆಯ ಹತ್ತಿರ ಇನ್ನೂ ಸಡಿಲವಾಗಿತ್ತು.