ಓಟಗಾರನ ನಾಡಿ

ಮಾನಿಟರ್ ಕೂಗಿತೆಂದರೆ ನರ್ಸ್ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಪ್ರತಿಸಲವೂ ಅದೇ ಮಂಚ, ಅದೇ ಮುದುಕ. ಮುರಿದ ಕೈಗೆ ಆಪರೇಷನ್ ಆಗಿ ಮಲಗಿದ್ದವನ ನಾಡಿ, ಕಣ್ಣು ಮುಚ್ಚಿದೊಡನೆ ನಲವತ್ತಕ್ಕಿಂತ ಕೆಳಗಿಳಿಯುತ್ತಿತ್ತು.

“ಎದಿ ನೋಯಾಕತ್ತದೇನ್ರಿ, ಅಜ್ಜಾರ?”

“ಇಲ್ಲವಾ, ಆರಾಮ ಅದೀನಿ. ಹೆಂಗೂ ಬಂದೀಯಲ್ಲ, ಕುಂಡ್ರು. ಬಾಳಿಹಣ್ಣು ತಿಂದು ಹೋಗು.”

ಊಟದ ಜೊತೆ ಕೊಟ್ಟ ಹಣ್ಣನ್ನು ಅವನು ತಿನ್ನದೆ ಎತ್ತಿಟ್ಟಿರುತ್ತಿದ್ದ. ಅವಳಿಗೆ ಕೂರಲು ಪುರಸೊತ್ತೆಲ್ಲಿ?

ಕೊನೆಗೆ ಡಾಕ್ಟರು ಹೃದಯದ ಸ್ಕ್ಯಾನ್ ನೋಡಿ ನಕ್ಕರು. “ಇದು ರೋಗ ಅಲ್ಲ. ಮೂವತ್ತು ವರ್ಷ ಮ್ಯಾರಥಾನ್ ಓಡಿದ ಗುಂಡಿಗಿ. ಹಿಗ್ಗಿ ಗಟ್ಟಿಯಾಗ್ಯದ. ಒಂದೊಂದು ಬಡಿತಕ್ಕೂ ನಮಗಿಂತ ಭಾಳ ರಕ್ತ ದಬ್ಬತದ. ಅದಕ್ಯಾಕ ಅವಸರ? ಅಲಾರಂ ಮಿತಿ ಇಳಿಸಿಬಿಡು.”

ಪಾಪ, ಇನ್ನಾದರೂ ನಿದ್ದೆ ಮಾಡಲಿ ಎಂದು ಅವಳು ಖುಷಿಯಿಂದಲೇ ಇಳಿಸಿದಳು.

“ಇನ್ನ ಇದು ಸುಮ್ಮಸುಮ್ಮನ ಒದರೂದಿಲ್ರಿ. ಯಾರೂ ಬಂದು ನಿಮ್ಮನ್ನ ಎಬ್ಬಸೂದಿಲ್ಲ.”

“ಯಾರೂ?”

“ಯಾರೂ ಇಲ್ರಿ.”

ಮುದುಕ ಮಾನಿಟರಿನ ಪರದೆಯನ್ನೇ ನೋಡುತ್ತ ಮಲಗಿದ್ದ. “ಬಡಿತ ಏರಿದ್ರ?”

“ನೂರಾ ಇಪ್ಪತ್ತು ದಾಟಿದ್ರ ಒದರತದ. ಆವಾಗ ಓಡಿ ಬರ್ತೀನ್ರಿ.”

ಸಂಜೆ ಭೇಟಿಯ ಹೊತ್ತು. ಉಳಿದ ಮಂಚಗಳ ಸುತ್ತ ನೆಂಟರು, ಡಬ್ಬಿಗಳು, ಗದ್ದಲ. ಅಷ್ಟರಲ್ಲಿ ಮಾನಿಟರ್ ಕೂಗಿತು. ಅದೇ ಮಂಚ. ಅವಳು ಜನರನ್ನು ಸರಿಸಿಕೊಂಡು ಓಡಿದಳು.

ಎದೆಗೆ ಅಂಟಿಸಿದ ವೈರುಗಳ ಸಮೇತ ಮುದುಕ ಮಂಚದ ಪಕ್ಕದಲ್ಲಿ, ಮುರಿಯದ ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು, ನಿಂತಲ್ಲೇ ಓಡುತ್ತಿದ್ದ.